ನೇತ್ರಾಣಿಯೂ ನಮ್ಮ ಕರ್ತವ್ಯವೂ

ಮಳೆಗಾಲವು ಕಳೆದು ಕಡಲು ಶಾಂತವಾದೊಡನೆ ಹೊಸಪೇಟೆ, ಸಂಡೂರು, ಯಶವಂತನಗರಗಳ ತರುಣರು ಗುಂಪುಗೂಡಿ ಮುರ್ಡೇಶ್ವರಕ್ಕೆ ಹೊರಡುವುದನ್ನು ನಾವು ಈಚೆಗೆ ಕಾಣುತ್ತಲಿದ್ದೇವೆ. ದೇವದರ್ಶನವು ಒಂದು ನೆಪ. ಅವರ ಮನಸ್ಸೆಲ್ಲ ಅಲ್ಲಿಂದ ಸುಮಾರು 19 ಕಿಲೋಮೀಟರು ದೂರದಲ್ಲಿ, ಅರಬ್ಬೀ ಸಮುದ್ರದ ನಡುವಿರುವ ನೇತ್ರಾಣಿ ದ್ವೀಪದ ಮೇಲಿರುವುದು. ಮುಖಕ್ಕೆ ಗಾಜಿನ ಕವಚವನ್ನು ಕಟ್ಟಿ, ಉಸಿರಾಡುವ ನಳಿಗೆಯನ್ನು ಬಾಯಲ್ಲಿಟ್ಟು, ಬೋರಲಾಗಿ ತೇಲುತ್ತ, ಕೆಳಗಿನ ಹವಳವನ್ನೂ ಬಣ್ಣಬಣ್ಣದ ಮೀನುಗಳನ್ನೂ ನೋಡುವ ಈ ವಿನೋದಕ್ಕೆ ಸ್ನಾರ್ಕೆಲಿಂಗ್ ಎಂದು ಹೆಸರು. ದಿವಂಗತ ಪುನೀತ್ ರಾಜಕುಮಾರರ ‘ಗಂಧದ ಗುಡಿ’ ಚಿತ್ರವು 2022ರಲ್ಲಿ ಆ ಕಡಲತಳವನ್ನು ನಾಡಿಗೆಲ್ಲ ತೋರಿಸಿತು.

ಇದನ್ನು ನಾವು ಆಕ್ಷೇಪಿಸುವವರಲ್ಲ. ಬಯಲುಸೀಮೆಯ ಮಕ್ಕಳು ತಮ್ಮ ನಾಡಿನ ಕಡಲನ್ನು ಕಣ್ಣಾರೆ ಕಾಣುವುದು ದೇಶಾಭಿಮಾನಕ್ಕೆ ಪೋಷಕವೇ ಸರಿ. ಆದರೆ ಈ ಉತ್ಸಾಹದ ಬೆನ್ನಲ್ಲಿ ಇನ್ನೊಂದು ಮಾತು ಕೇಳಿಬರುತ್ತಿದೆ. ಈಗಿನ ಪದ್ಧತಿಯಂತೆ ಪ್ರವಾಸಿಗಳು ದ್ವೀಪದ ಸಮೀಪದಲ್ಲಿ ನಿಂತ ದೋಣಿಯಿಂದಲೇ ನೀರಿಗಿಳಿದು, ಅಂದೇ ಮರಳುವರು. ಇದು ಸಾಲದು, ದ್ವೀಪದ ಮೇಲೆಯೇ ಡೇರೆ ಹಾಕಿ ರಾತ್ರಿಯನ್ನು ಕಳೆಯಲು ಅಪ್ಪಣೆ ಬೇಕೆಂಬುದು ಕೆಲವರ ಬೇಡಿಕೆ. ಇದನ್ನು ನಾವು ಒಪ್ಪಲಾರೆವು.

ಆ ದ್ವೀಪವು ನಿರ್ಜನವಾದರೂ ನಿರ್ಜೀವವಲ್ಲ. ಬಿಳಿಹೊಟ್ಟೆಯ ಕಡಲಹದ್ದು ಅಲ್ಲಿ ಗೂಡುಕಟ್ಟುವುದು. ಕರಾವಳಿಯ ಬೆಸ್ತರು ಹರಕೆಗೆಂದು ಅಲ್ಲಿ ಆಡುಗಳನ್ನು ಬಿಟ್ಟುಬರುವರು. ನಮ್ಮ ನೌಕಾಪಡೆಯು ಗುಂಡಿನ ಅಭ್ಯಾಸಕ್ಕೆ ಅದನ್ನೇ ಗುರಿಯಾಗಿಸಿಕೊಂಡುದೂ ಉಂಟು. ಇಷ್ಟನ್ನು ಸಹಿಸಿದ ದ್ವೀಪಕ್ಕೆ ಒಲೆಯ ಬೆಂಕಿ, ರಾತ್ರಿಯ ದೀಪ, ಎಂಜಲು, ಪ್ಲಾಸ್ಟಿಕ್ಕು ಇವುಗಳ ಉಪದ್ರವವನ್ನೂ ಸೇರಿಸಬೇಕೆ? ಇನ್ನು ನೀರೊಳಗಿನ ಹವಳವು ಕಲ್ಲಲ್ಲ, ಪ್ರಾಣಿಸಮುದಾಯ. ಅದರ ಎಷ್ಟೋ ಜಾತಿಗಳು ವರ್ಷಕ್ಕೆ ಒಂದು ಸೆಂಟಿಮೀಟರಿನಷ್ಟು ಬೆಳೆದರೆ ಹೆಚ್ಚು. ಒಂದು ಕಾಲಿನ ತುಳಿತವು ಕ್ಷಣದಲ್ಲಿ ಮುರಿದುದನ್ನು ಕಟ್ಟಲು ಕಡಲಿಗೆ ಹಲವು ವರ್ಷಗಳು ಬೇಕು.

ಈ ಪಾಠವನ್ನು ಸಂಡೂರು ಸೀಮೆಯವರಿಗೆ ಬೇರೆಯವರು ಹೇಳಬೇಕಾಗಿಲ್ಲ. ಇಂದು ನಮ್ಮ ತರುಣರು ಕಡಲಿಗೆ ಹೋಗುವ ಹುಬ್ಬಳ್ಳಿ-ಅಂಕೋಲೆಯ ದಾರಿಯಲ್ಲಿಯೇ ಅಂದು ನಮ್ಮ ಗುಡ್ಡಗಳು ಅದಿರಾಗಿ, ಲಾರಿಗಳನ್ನೇರಿ ಬೇಲೇಕೇರಿ ಬಂದರಿಗೆ ಹೋದವು. ಸರ್ವೋಚ್ಚ ನ್ಯಾಯಾಲಯವು 2011ರ ಜುಲೈನಲ್ಲಿ ಬಳ್ಳಾರಿಯ ಗಣಿಗಾರಿಕೆಯನ್ನು ತಡೆಯುವವರೆಗೆ ನಮಗೆ ಮಿತಿಯ ನೆನಪಾಗಲಿಲ್ಲ. ಮುಂದೆ ಅದು ನಿಬಂಧನೆಗಳೊಡನೆ ಪುನಃ ಆರಂಭವಾಯಿತು. ಹೋದ ಗುಡ್ಡವು ಮಾತ್ರ ಬರಲಿಲ್ಲ. ಅಗೆಯುವವರೇ ನಾಶಮಾಡುವರೆಂದು ತಿಳಿಯಬಾರದು. ನೋಡಲು ಬಂದವರೂ ಹಾಳುಗೆಡಹಬಲ್ಲರು. ಥೈಲೆಂಡಿನ ಮಾಯಾ ಕೊಲ್ಲಿಗೆ ಪ್ರವಾಸಿಗಳು ಮುಗಿಬಿದ್ದುದರಿಂದ ಹವಳವು ಕೆಟ್ಟು, ಅಲ್ಲಿಯ ಸರಕಾರವು 2018ರಲ್ಲಿ ಅದನ್ನು ಮುಚ್ಚಬೇಕಾಯಿತು. ಪುನಃ ತೆರೆದುದು 2022ರಲ್ಲಿ.

ಡೇರೆಗೆ ಅಪ್ಪಣೆ ಕೊಟ್ಟರೆ ಬಡ ದೋಣಿಗಾರರ ಸಂಪಾದನೆಯು ಹೆಚ್ಚುವುದಲ್ಲವೇ ಎಂದು ಕೇಳುವವರುಂಟು. ದೋಣಿಗಾರರ ಅನ್ನವಿರುವುದು ಹವಳ ಬದುಕಿರುವ ತನಕ ಎಂಬುದೇ ಅದಕ್ಕೆ ಉತ್ತರ. ಡೇರೆಗಳ ಆಸೆಯುಳ್ಳವರಿಗೆ ಕರಾವಳಿಯ ಊರುಗಳಲ್ಲಿ ಬೇಕಾದಷ್ಟು ಸ್ಥಳವಿದೆ. ಅದರ ಬಾಡಿಗೆಯೂ ಊರವರ ಕೈಸೇರುವುದು.

ಸರಕಾರವು ದಿನವೊಂದಕ್ಕೆ ಇಂತಿಷ್ಟೇ ಜನವೆಂದು ಮಿತಿಯನ್ನು ಗೊತ್ತುಪಡಿಸಲಿ. ಲಂಗರು ಹವಳದ ಮೇಲೆ ಬೀಳದಂತೆ ದೋಣಿ ಕಟ್ಟಲು ಸ್ಥಿರವಾದ ತೇಲುಬುರುಡೆಗಳಿರಲಿ. ಕೆಲವು ಬಿಸಿಲುಲೇಪಗಳು ಹವಳಕ್ಕೆ ಹಾನಿಕರವೆಂದು ಪಲಾವು ದೇಶವು 2020ರಿಂದ ಅವುಗಳನ್ನು ನಿಷೇಧಿಸಿದೆ, ನಾವೇಕೆ ಹಿಂಜರಿಯಬೇಕು? ಹವಳವು 2001ರಿಂದಲೂ ವನ್ಯಜೀವಿ ಕಾಯಿದೆಯ ರಕ್ಷಣೆಗೆ ಒಳಪಟ್ಟಿದೆ. ನೀರಿಗಿಳಿಯುವ ಮುನ್ನ ಈ ಮಾತನ್ನು ಪ್ರತಿಯೊಬ್ಬನಿಗೂ ಕನ್ನಡದಲ್ಲಿ ತಿಳಿಸುವ ಏರ್ಪಾಡಾಗಲಿ.

ತರುಣರಲ್ಲಿ ನಮ್ಮದೊಂದೇ ವಿಜ್ಞಾಪನೆ: ನೇತ್ರಾಣಿಗೆ ಹೋಗಿರಿ, ಕಣ್ತುಂಬ ನೋಡಿರಿ, ಕೈಸೋಕದೆ ಮರಳಿರಿ. ನಮ್ಮ ಗುಡ್ಡಗಳನ್ನು ನಾವು ಮೊದಲಿನಂತೆ ನಿಮ್ಮ ಕೈಗೊಪ್ಪಿಸಲಾರದೆ ಹೋದೆವು. ಕಡಲಿನ ವಿಷಯದಲ್ಲಿ ನಿಮ್ಮ ಮಕ್ಕಳೆದುರು ಈ ಮಾತನ್ನಾಡುವ ಪ್ರಸಂಗವು ನಿಮಗೆ ಬಾರದಿರಲಿ.