ಪಿಸಿ ನಿಂತ್ರೆ ಮೊದಲು ಗಡಿಯಾರ ನೋಡ್ರಿ

ನನ್ನ ರೂಮ್‌ಮೇಟ್ ತಾನೇ ಜೋಡಿಸಿದ ಗೇಮಿಂಗ್ ಪಿಸಿಯನ್ನ ರಜೆಯಾಗ ಸುರಪುರಕ್ಕೆ ಒಯ್ದ. ಹಾಸ್ಟೆಲ್‌ನಾಗ ಚಲೋ ಇದ್ದದ್ದು ಅಲ್ಲಿ ಆಟದ ನಡುವೆ ಹ್ಯಾಂಗ್ ಆಗೋದು, ಪೂರ್ತಿ ಆಫ್ ಆಗೋದು. ಎರಡು ಸಲ ವಿಂಡೋಸ್ ಹಾಕಿದ. "ಗ್ರಾಫಿಕ್ಸ್ ಕಾರ್ಡ್ ಹೋಗ್ಯದ, ಹೊಸದು ತಗೋ" ಅಂದ್ರು ಗೆಳೆಯರು. ಅಪ್ಪ ಭತ್ತ ಮಾರಿದ ರೊಕ್ಕದಾಗ ಇನ್ನೊಂದು ಕಾರ್ಡ್ ಕೇಳೋದು ಹೆಂಗ?

ನಾನು ಫೋನ್‌ನಾಗ ಕೇಳಿದ್ದು ಒಂದೇ: "ಯಾವ ಹೊತ್ತಿಗೆ ನಿಲ್ತದಲೇ?"

"ಮಧ್ಯಾಹ್ನ. ರಾತ್ರಿ ಏನೂ ಆಗಂಗಿಲ್ಲ."

ಉತ್ತರ ಅಲ್ಲೇ ಇತ್ತು. ಯಾದಗಿರಿ, ಶಹಾಪುರ, ಸುರಪುರದ ಬ್ಯಾಸಗಿ 40 ಡಿಗ್ರಿ ದಾಟ್ತದ. ಪಿಸಿ ಫ್ಯಾನ್ ಎಳೆಯೋದು ರೂಮಿನ ಗಾಳಿಯನ್ನೇ. ರೂಮು 25ರಿಂದ 42ಕ್ಕೆ ಏರಿದ್ರೆ ಚಿಪ್ಪೂ ಹೆಚ್ಚುಕಮ್ಮಿ 17 ಡಿಗ್ರಿ ಏರ್ತದ. ಅಳೆದು ನೋಡಿದ್ರೆ ಪ್ರೊಸೆಸರ್ 98 ಡಿಗ್ರಿ! ಅಷ್ಟು ಬಿಸಿಯಾದ್ರೆ ಅದು ತನ್ನ ವೇಗ ತಾನೇ ಇಳಿಸಿಕೊಳ್ತದ. ಇನ್ನೂ ಏರಿದ್ರೆ ಪಿಸಿಯೇ ಆಫ್. ಹೀಟ್‌ಸಿಂಕ್ ತುಂಬ ಧೂಳು, ಕೇಸ್ ಗೋಡೆಗೆ ಒತ್ತಿತ್ತು. ಧೂಳು ತೆಗೆದು, ಗೋಡೆಯಿಂದ ಸರಿಸಿ ಇಟ್ಟ ಮೇಲೆ ತೊಂದರೆ ಇಲ್ಲ. ಖರ್ಚು ಒಂದು ಪೇಂಟ್ ಬ್ರಷ್.

ಎಲ್ಲಾ ಕ್ರ್ಯಾಶ್‌ಗೂ ಬಿಸಿಯೇ ಕಾರಣ ಅಂತ ಅಲ್ಲ. ರಾತ್ರಿಯೂ ನಿಂತ್ರೆ ಬಯೋಸ್‌ನಾಗ ಎಕ್ಸ್‌ಎಂಪಿ ಆಫ್ ಮಾಡ್ರಿ, ಮೆಮ್‌ಟೆಸ್ಟ್86 ಓಡಿಸಿ ರ‍್ಯಾಮ್ ಪರೀಕ್ಷಿಸ್ರಿ, ಆಮೇಲೆ ಗೆಳೆಯನ ಎಸ್‌ಎಂಪಿಎಸ್ ಹಾಕಿ ನೋಡ್ರಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಒಟ್ಟಿಗೆ ಮಾಡಿದ್ರೆ ಯಾವುದರಿಂದ ಸರಿ ಆಯ್ತು ಅಂತ ಗೊತ್ತಾಗಂಗಿಲ್ಲ.

ರೀಡಿಂಗ್ ಇಲ್ಲದ ಲ್ಯಾಬ್ ರೆಕಾರ್ಡಿಗೆ ಸರ್ ಸಹಿ ಹಾಕಂಗಿಲ್ಲ. ರೀಡಿಂಗ್ ಇಲ್ಲದೆ ಅಪ್ಪನ ರೊಕ್ಕ ಮಾತ್ರ ಯಾಕ ಖರ್ಚು ಮಾಡ್ಬೇಕು?