ಕಳಕೊಂಡವರ ಜೊತೆ ಠಾಣೆಗೆ ಯಾರು ಹೋಗ್ತೀರಿ?

ಬೆಳಗಿನ ಆರು ಗಂಟೆ. ಡೈರಿಗೆ ಹಾಲು ಹಾಕಿ, ಖಾಲಿ ಕ್ಯಾನು ಹಿಡಿದು ಮನೆ ಕಡೆ ನಡೆದಿದ್ದ ಹೆಂಗಸಿನ ಪಕ್ಕ ಬೈಕೊಂದು ನಿಧಾನವಾಯಿತು. ಹಿಂದೆ ಕೂತವನು ದಾರಿ ಕೇಳಿದ. ಅವರು ಕೈಯೆತ್ತಿ ತೋರಿಸುವಷ್ಟರಲ್ಲಿ ಕೊರಳಿನ ಸರ ಅವನ ಕೈಯಲ್ಲಿತ್ತು. ಅವರು ರಸ್ತೆಗೆ ಬಿದ್ದರು, ಬೈಕು ಹೋಯಿತು.

ಇದು ನಮ್ಮಲ್ಲೊಬ್ಬರ ಊರಿನಲ್ಲಿ ನಡೆದದ್ದು. ಊರವರೆಲ್ಲ ಅವರನ್ನು ದೊಡ್ಡಮ್ಮ ಅಂತಲೇ ಕರೆಯುವುದರಿಂದ ಇಲ್ಲೂ ಹಾಗೇ ಬರೆಯುತ್ತೇವೆ. ಅರ್ಧ ಗಂಟೆಯಲ್ಲಿ ಅವರ ಮನೆ ಜಗುಲಿ ತುಂಬಿಹೋಯಿತು. ಬಂದವರ ಬಾಯಲ್ಲಿ ಬರೀ ಪ್ರಶ್ನೆ. "ಅಷ್ಟೊತ್ತಿಗೆ ಒಬ್ಳೇ ಯಾಕ್ ಹೋದೆ?" "ಡೈರಿಗೆ ಹೋಗಕ್ಕೂ ಸರ ಹಾಕ್ಕೊಂಡು ಹೋಗ್ಬೇಕಿತ್ತಾ?" "ಗುರುತಿಲ್ಲದೋರ ಹತ್ರ ಯಾಕ್ ಮಾತಾಡಿದೆ?" ಮೊಣಕೈ ತರಚಿ ರಕ್ತ ಬರುತ್ತಿದ್ದುದನ್ನು ಮೊದಲು ನೋಡಿದ್ದು ಆಶಾ ಕಾರ್ಯಕರ್ತೆ. ಅಲ್ಲಿಯವರೆಗೆ ಯಾರೂ ಒಂದು ಲೋಟ ನೀರು ಕೊಟ್ಟಿರಲಿಲ್ಲ.

ಆಮೇಲೆ ತಿಳಿದದ್ದು ಇನ್ನೂ ಬೇಸರದ ಸಂಗತಿ. ತಿಂಗಳ ಹಿಂದೆ ಪಕ್ಕದ ಊರಿನಲ್ಲೂ ಇದೇ ಥರ ಒಬ್ಬರ ಸರ ಹೋಗಿತ್ತು. ಅವರು ಯಾರಿಗೂ ಹೇಳಿರಲಿಲ್ಲ. "ಹೇಳಿದ್ರೆ ನನ್ನನ್ನೇ ಬೈತಾರೆ ಅಂತ ಸುಮ್ಮನಿದ್ದೆ" ಅಂದರು. ಆ ಊರಿನ ಬೈಗುಳದ ಭಯ ಕಳ್ಳರಿಗೆ ಅನುಕೂಲವಾಯಿತು. ಆ ಸುದ್ದಿ ಹೊರಗೆ ಬಂದಿದ್ದರೆ ನಮ್ಮೂರಿನ ದೊಡ್ಡಮ್ಮ ಅವತ್ತು ಎಚ್ಚರದಿಂದ ಇರುತ್ತಿದ್ದರು. ಪೊಲೀಸರೂ ಬೆಳಗಿನ ಹೊತ್ತು ಆ ರಸ್ತೆಯಲ್ಲಿ ಒಂದು ಸುತ್ತು ಬರುತ್ತಿದ್ದರೋ ಏನೋ.

ನಾವು ಹೇಳಬೇಕು ಅಂದುಕೊಂಡಿರುವುದು ಇಷ್ಟೇ. ಊರಿನ ಸುರಕ್ಷತೆ ಅಂದ ಕೂಡಲೇ ನಾವು ಸಿಸಿಟಿವಿ, ಹೈಮಾಸ್ಟ್ ದೀಪ ಅಂತ ಶುರು ಮಾಡುತ್ತೇವೆ. ಅವೂ ಬೇಕು. ಆದರೆ ಅದಕ್ಕಿಂತ ಮೊದಲು, ನೊಂದವರು ಹೆದರದೆ ಬಾಯಿಬಿಡುವ ಹಾಗೆ ಊರು ಇರಬೇಕು. ಅವರ ಜೊತೆ ಠಾಣೆಯ ಮೆಟ್ಟಿಲು ಹತ್ತಲು ಒಬ್ಬರಾದರೂ ಬೇಕು.

ದೊಡ್ಡಮ್ಮನ ವಿಷಯದಲ್ಲೇ ಆದದ್ದು ನೋಡಿ. ಮೊದಲ ದಿನ ಅವರು ಮಗನ ಜೊತೆ ಠಾಣೆಗೆ ಹೋದರು. ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕೂತರು. ಕೊನೆಗೆ ಅರ್ಜಿ ತೆಗೆದುಕೊಂಡು ಒಂದು ಸ್ವೀಕೃತಿ ಚೀಟಿ ಕೊಟ್ಟರು. ಅದೇ ಎಫ್‌ಐಆರ್ ಅಂದುಕೊಂಡು ಇಬ್ಬರೂ ಬಸ್ಸು ಹತ್ತಿದರು. ಮೂರನೇ ದಿನ ನಿವೃತ್ತ ಮೇಷ್ಟ್ರೊಬ್ಬರು ಆ ಚೀಟಿ ನೋಡಿ, "ಇದು ಅರ್ಜಿ ಕೊಟ್ಟಿದ್ದಕ್ಕೆ ರಸೀದಿ ಕಣಮ್ಮ, ಕೇಸ್ ಇನ್ನೂ ಆಗಿಲ್ಲ" ಅಂದರು. ಮಾರನೇ ದಿನ ಮೇಷ್ಟ್ರು ಮತ್ತು ಆಶಾ ಕಾರ್ಯಕರ್ತೆ ಅವರ ಜೊತೆ ಹೋದರು. ಜಗಳ ಮಾಡಲಿಲ್ಲ, ಯಾರ ಶಿಫಾರಸು ಫೋನೂ ಮಾಡಿಸಲಿಲ್ಲ. "ಎಫ್‌ಐಆರ್ ಪ್ರತಿ ಕೊಡಿ ಸಾರ್" ಅಂತ ಕೇಳಿಕೊಂಡು ಕೂತರು. ಸಂಜೆಯೊಳಗೆ ಎಫ್‌ಐಆರ್ ಆಯಿತು.

ಇಲ್ಲಿ ಯಾರೂ ಉಪಕಾರ ಮಾಡಲಿಲ್ಲ. ಶಿಕ್ಷಾರ್ಹವಾದ ಗಂಭೀರ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸಲೇಬೇಕು ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾನೂನುಗಳಲ್ಲಿ ಸರ ಕೀಳುವುದನ್ನು ಬೇರೆಯೇ ಅಪರಾಧವಾಗಿ ಸೇರಿಸಿದ್ದಾರೆ. ಭಾರತೀಯ ನ್ಯಾಯ ಸಂಹಿತೆಯ 304ನೇ ಕಲಂ, ಮೂರು ವರ್ಷದವರೆಗೆ ಜೈಲು. ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಪ್ರಕರಣಗಳಲ್ಲಿ ಡಿವೈಎಸ್‌ಪಿ ಒಪ್ಪಿಗೆ ಪಡೆದು ಮೊದಲು ಪ್ರಾಥಮಿಕ ವಿಚಾರಣೆ ಮಾಡಲು ಪೊಲೀಸರಿಗೆ ಅವಕಾಶವಿದೆ. ಅದನ್ನೂ 14 ದಿನದೊಳಗೆ ಮುಗಿಸಬೇಕು.

ಇನ್ನು ಕೆಲವು ಹಕ್ಕುಗಳು ನಿಮ್ಮ ನೆನಪಿನಲ್ಲಿರಲಿ. "ಇದು ನಮ್ಮ ಠಾಣೆ ವ್ಯಾಪ್ತಿಗೆ ಬರಲ್ಲ" ಎಂದು ವಾಪಸ್ ಕಳಿಸುವಂತಿಲ್ಲ. ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, ಅವರೇ ಅದನ್ನು ಸಂಬಂಧಪಟ್ಟ ಠಾಣೆಗೆ ಕಳಿಸುತ್ತಾರೆ. ಇದಕ್ಕೆ ಝೀರೋ ಎಫ್‌ಐಆರ್ ಅನ್ನುತ್ತಾರೆ. ಎಫ್‌ಐಆರ್ ಪ್ರತಿಗೆ ಒಂದು ರೂಪಾಯಿಯೂ ಕೊಡಬೇಕಿಲ್ಲ. ತನಿಖೆ ಎಲ್ಲಿಗೆ ಬಂತು ಎಂದು 90 ದಿನದೊಳಗೆ ನಿಮಗೆ ತಿಳಿಸುವುದು ಪೊಲೀಸರ ಕರ್ತವ್ಯ. ಠಾಣೆಯಲ್ಲಿ ದೂರು ದಾಖಲಿಸದಿದ್ದರೆ ಅದನ್ನೇ ಬರೆದು ಜಿಲ್ಲಾ ಎಸ್‌ಪಿಗೆ ಅಂಚೆಯಲ್ಲಿ ಕಳಿಸಬಹುದು. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಹೋಗಬಹುದು.

ಕಾನೂನು ಹೀಗಿದ್ದೂ ಜನ ಯಾಕೆ ಹೋಗುವುದಿಲ್ಲ? "ಠಾಣೆ, ಕೋರ್ಟು ಅಂತ ಅಲೆದು ದಿನಗೂಲಿ ಕಳಕೊಳ್ಳೋದ್ಯಾರು?" ಅನ್ನುತ್ತಾರೆ. ಇದನ್ನು ಸುಳ್ಳು ಅನ್ನಲು ನಮಗೆ ಆಗುವುದಿಲ್ಲ. ಒಂದು ದಿನ ಠಾಣೆಗೆ ಹೋದರೆ ಒಂದು ದಿನದ ಕೂಲಿ ಹೋಯಿತು, ಬಸ್ ಚಾರ್ಜು ಬೇರೆ. ಅದಕ್ಕೇ ಹೇಳುವುದು, ಈ ಭಾರ ನೊಂದವರೊಬ್ಬರ ತಲೆ ಮೇಲೆ ಬೀಳಬಾರದು ಅಂತ. ಸಾವಾದ ಮನೆಗೆ ನಾವು ಹೇಳದೆಯೇ ಹೋಗುತ್ತೇವೆ. ಅಡುಗೆ ಮಾಡಿ ಕಳಿಸುತ್ತೇವೆ, ಅವರ ದನಕ್ಕೆ ಹುಲ್ಲು ಹಾಕುತ್ತೇವೆ. ಕಳ್ಳತನವಾದ ಮನೆಗೆ, ಏಟು ತಿಂದ ಮನೆಗೆ ಅದೇ ಮನಸ್ಸಿನಿಂದ ಹೋಗಲು ಏನು ಅಡ್ಡಿ?

ಇನ್ನೊಂದು ಅಡ್ಡಿ ರಾಜಿ ಪಂಚಾಯ್ತಿ. ಬದುವಿನ ಜಗಳ, ದನ ಮೇಯ್ದ ಜಗಳ ಅರಳಿಕಟ್ಟೆಯಲ್ಲಿ ಮುಗಿದರೆ ಒಳ್ಳೆಯದೇ. ಆದರೆ ಮಗುವಿನ ಮೇಲೆ ಕೈ ಹಾಕಿದವನನ್ನು, ಹೆಣ್ಣಿನ ಮೇಲೆ ಅತ್ಯಾಚಾರ ಮಾಡಿದವನನ್ನು "ಊರ ಮರ್ಯಾದೆ" ಹೆಸರಿನಲ್ಲಿ ದಂಡ ಕಟ್ಟಿಸಿ ಬಿಡಲು ಯಾವ ಯಜಮಾನರಿಗೂ ಅಧಿಕಾರವಿಲ್ಲ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ಗೊತ್ತಿದ್ದೂ ತಿಳಿಸದೆ ಮುಚ್ಚಿಡುವುದೇ 2012ರ ಪೋಕ್ಸೊ ಕಾಯ್ದೆಯಲ್ಲಿ ಅಪರಾಧ. ಆ ಮಗುವನ್ನು ಠಾಣೆಗೆ ಎಳೆದೊಯ್ಯಬೇಕಿಲ್ಲ. ಪೊಲೀಸರು ಯೂನಿಫಾರ್ಮ್ ಇಲ್ಲದೆ ಮನೆಗೇ ಬಂದು ಹೇಳಿಕೆ ಪಡೆಯಬೇಕು ಎಂದು ಕಾಯ್ದೆ ಹೇಳುತ್ತದೆ. ಅತ್ಯಾಚಾರ, ಆಸಿಡ್ ದಾಳಿಗೆ ತುತ್ತಾದವರಿಗೆ ಖಾಸಗಿ ಆಸ್ಪತ್ರೆಯೂ ಉಚಿತವಾಗಿ ಪ್ರಥಮ ಚಿಕಿತ್ಸೆ ಕೊಡಲೇಬೇಕು. "ಮೊದಲು ಕೇಸ್ ಮಾಡಿಸಿಕೊಂಡು ಬನ್ನಿ" ಅನ್ನುವ ಹಾಗಿಲ್ಲ.

ಫೋನು ಹಿಡಿದಿರುವ ನಮ್ಮ ವಯಸ್ಸಿನವರಿಗೂ ಒಂದು ಮಾತಿದೆ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಹೆಸರು, ಫೋಟೊ, ಮನೆಯ ಗುರುತನ್ನು ಸ್ಟೇಟಸ್‌ಗೆ ಹಾಕಬೇಡಿ. "ನ್ಯಾಯ ಸಿಗಲಿ" ಅಂತ ಬರೆದು ಹಾಕಿದರೂ ತಪ್ಪೇ. ಅದಕ್ಕೆ ಎರಡು ವರ್ಷದವರೆಗೆ ಜೈಲು ಶಿಕ್ಷೆ ಇದೆ. ಹಾಗೆಯೇ, ಸುರಕ್ಷತೆ ಅಂದರೆ ಗುರುತಿಲ್ಲದವರನ್ನು ಹಿಡಿದು ಹೊಡೆಯುವುದು ಎಂದೂ ತಿಳಿಯಬೇಡಿ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಏನಾಯಿತು ಎಂದು ನೆನಪಿಸಿಕೊಳ್ಳಿ. ಮಕ್ಕಳಿಗೆ ಚಾಕೊಲೇಟ್ ಕೊಟ್ಟವರನ್ನು ಮಕ್ಕಳ ಕಳ್ಳರು ಎಂದು ವಾಟ್ಸ್ಆ್ಯಪ್‌ನಲ್ಲಿ ಹಬ್ಬಿಸಿದರು. ಗುಂಪು ಸೇರಿ, ಹೈದರಾಬಾದಿನಿಂದ ಬಂದಿದ್ದ ಒಬ್ಬ ಎಂಜಿನಿಯರ್‌ ಸಾಯುವ ಹಾಗೆ ಹೊಡೆಯಿತು. ಅನುಮಾನ ಬಂದರೆ 112ಕ್ಕೆ ಫೋನ್ ಮಾಡಿ. ಗುಂಪು ಸೇರಿಸಬೇಡಿ.

ಹಾಗಾದರೆ ಊರಿನಲ್ಲಿ ಏನು ಮಾಡಬಹುದು? ದೊಡ್ಡ ಸಂಘ, ರಿಜಿಸ್ಟ್ರೇಷನ್ ಯಾವುದೂ ಬೇಡ. ಪ್ರತಿ ಊರಿನಲ್ಲಿ ನಾಲ್ಕೈದು ಜನ ಒಪ್ಪಿಕೊಂಡರೆ ಸಾಕು: ಓದು ಬರಹ ಚೆನ್ನಾಗಿ ಬಲ್ಲ ಒಬ್ಬರು, ಆಶಾ ಅಥವಾ ಅಂಗನವಾಡಿ ಕಾರ್ಯಕರ್ತೆ, ಸ್ತ್ರೀಶಕ್ತಿ ಸಂಘದ ಒಬ್ಬರು, ಬೈಕ್ ಇರುವ ಒಬ್ಬ ಹುಡುಗ. ಎಲ್ಲ ಕೇರಿಯವರೂ ಇರಬೇಕು. ಇಲ್ಲದಿದ್ದರೆ ಕೆಲವರು ಇವರ ಹತ್ತಿರವೂ ಬರುವುದಿಲ್ಲ. ಘಟನೆ ನಡೆದ ದಿನ ಇವರ ಕೆಲಸ ಇಷ್ಟು.

ಮೊದಲು ನೀರು ಕೊಟ್ಟು ಕೂರಿಸುವುದು. ಗಾಯವಿದ್ದರೆ ಆಸ್ಪತ್ರೆ. "ಯಾಕೆ ಹೋದೆ" ಅನ್ನುವ ಪ್ರಶ್ನೆಯನ್ನು ಯಾರೂ ಕೇಳದಂತೆ ನೋಡಿಕೊಳ್ಳುವುದು.

ಮನೆ ಕಳ್ಳತನವಾಗಿದ್ದರೆ ಪೊಲೀಸರು ಬರುವವರೆಗೆ ಬೀಗ, ಬೀರು ಯಾರೂ ಮುಟ್ಟದ ಹಾಗೆ ಕಾಯುವುದು. ನೋಡಲು ಬಂದವರ ಕೈಯಿಂದಲೇ ಕಳ್ಳನ ಬೆರಳಚ್ಚು ಅಳಿಸಿಹೋಗುತ್ತದೆ.

ಫೋನ್ ಪೇಯಿಂದಲೋ ಒಟಿಪಿ ಹೇಳಿಯೋ ಹಣ ಹೋಗಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿಸುವುದು. ಹಣ ಇನ್ನೊಂದು ಖಾತೆಯಿಂದ ಮತ್ತೊಂದಕ್ಕೆ ದಾಟುವ ಮೊದಲು ತಡೆಯಬೇಕಾದರೆ ನಿಮಿಷಗಳ ಲೆಕ್ಕ.

ದೂರಿನಲ್ಲಿ ಸಮಯ, ಜಾಗ, ಬೈಕಿನ ಬಣ್ಣ, ಅವರ ಬಟ್ಟೆ, ಮಾತಿನ ಧಾಟಿ ಮರೆಯುವ ಮೊದಲು ಬರೆಸುವುದು. ಒಡವೆಯ ಬಿಲ್ ಇಲ್ಲದಿದ್ದರೆ ಅದನ್ನು ಹಾಕಿಕೊಂಡಿರುವ ಮದುವೆ ಫೋಟೊ ಹುಡುಕಿ ಜೊತೆಗಿಡುವುದು.

ಮುಂದೆ ವಕೀಲರು ಬೇಕಾದರೆ ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಗೆ ಕರೆದುಕೊಂಡು ಹೋಗುವುದು. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರು ಉಚಿತ. ಸಹಾಯವಾಣಿ 15100. ಕೊಲೆ, ಅತ್ಯಾಚಾರ, ಆಸಿಡ್ ದಾಳಿಯಂಥ ಪ್ರಕರಣಗಳಲ್ಲಿ ನೊಂದವರಿಗೆ ಅಥವಾ ಕುಟುಂಬಕ್ಕೆ ಪರಿಹಾರ ಕೊಡುವ ಯೋಜನೆ ಕರ್ನಾಟಕದಲ್ಲಿ ಇದೆ. ಅಪರಾಧಿ ಸಿಗದೇ ಹೋದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಇದು ಗೊತ್ತಿಲ್ಲದೆ ಸಾಲ ಮಾಡಿ ಆಸ್ಪತ್ರೆ ಬಿಲ್ ಕಟ್ಟುವ ಕುಟುಂಬಗಳನ್ನು ನಾವೇ ನೋಡಿದ್ದೇವೆ.

ಉಳಿದದ್ದು ಗ್ರಾಮ ಸಭೆಯ ಕೆಲಸ. ಯಾವ ಕಂಬದ ದೀಪ ಕೆಟ್ಟಿದೆ, ಬಸ್ ಸ್ಟಾಪಿನಿಂದ ಊರಿಗೆ ಬರುವ ಯಾವ ತಿರುವಿನಲ್ಲಿ ಹುಡುಗಿಯರು ಹೆದರುತ್ತಾರೆ ಎಂಬುದನ್ನು ಪಟ್ಟಿ ಮಾಡಿ ಕೊಡಿ. ನಡಾವಳಿ ಪುಸ್ತಕದಲ್ಲಿ ಬರೆಸಿ. ನಿಮ್ಮ ಊರಿಗೆ ಒಬ್ಬ ಬೀಟ್ ಪೊಲೀಸ್ ಇರುತ್ತಾರೆ. ಅವರ ಹೆಸರು, ನಂಬರನ್ನು ಪಂಚಾಯಿತಿ ಗೋಡೆ ಮೇಲೆ, ಡೈರಿ ಬಾಗಿಲಲ್ಲಿ ಬರೆಸಿ. ಅದರ ಕೆಳಗೆ 112, 1930, ಮಹಿಳೆಯರಿಗೆ 181, ಮಕ್ಕಳಿಗೆ 1098 ಇರಲಿ. ಒಂದು ಡಬ್ಬಿ ಬಣ್ಣಕ್ಕೆ ಆಗುವ ಖರ್ಚು ಅಷ್ಟೇ.

ದೊಡ್ಡಮ್ಮನ ಸರ ಇನ್ನೂ ಸಿಕ್ಕಿಲ್ಲ. ಸಿಕ್ಕೇ ಸಿಗುತ್ತದೆ ಎಂದು ನಾವು ಬರೆಯುವುದಿಲ್ಲ. ಆದರೆ ಎಫ್‌ಐಆರ್ ಆದ ಮೇಲೆ ಪಕ್ಕದ ಊರಿನ ಆ ಹೆಂಗಸೂ ಹೋಗಿ ದೂರು ಕೊಟ್ಟರು. ಅವರ ಜೊತೆ ಠಾಣೆಗೆ ಹೋದದ್ದು ದೊಡ್ಡಮ್ಮನೇ. ಸುಮಾರು ದಿನ ಡೈರಿಗೆ ಮಗನನ್ನೇ ಕಳಿಸುತ್ತಿದ್ದ ದೊಡ್ಡಮ್ಮ ಈಗ ತಾವೇ ಕ್ಯಾನು ಹಿಡಿದು ಹೊರಡುತ್ತಾರೆ. ಅಕ್ಕಪಕ್ಕದ ಮನೆಯ ಇಬ್ಬರು ಅವರ ಬಾಗಿಲಲ್ಲಿ ನಿಂತು ಕೂಗುತ್ತಾರೆ, "ದೊಡ್ಡಮ್ಮ, ಹೊತ್ತಾಯ್ತು, ಬಾ."

ನಿಮ್ಮೂರಿನಲ್ಲಿ ಹಾಗೆ ಕೂಗುವವರು ಯಾರು? ಇವತ್ತು ಸಂಜೆ ಕಟ್ಟೆ ಮೇಲೆ ಕೂತಾಗ ಈ ಮಾತು ಎತ್ತಿ ನೋಡಿ.