ಏಳು ಗುಡ್ಡಗಳ ಊರಿನಲ್ಲಿ ಮೂರು ದಿನ

ದೇಶ ಸುತ್ತಬೇಕು, ಇಲ್ಲವೆ ಕೋಶ ಓದಬೇಕು ಎಂದು ನಮ್ಮ ಹಿರಿಯರು ಹೇಳಿದರು. ಕೋಶವನ್ನು ಪೂರ್ತಿಯಾಗಿ ಓದಿಕೊಂಡು ದೇಶ ಸುತ್ತಲು ಹೊರಟವನ ಪಾಡು ಏನಾಗುವುದೆಂಬುದನ್ನು ಮಾತ್ರ ಹೇಳಲಿಲ್ಲ. ಅದನ್ನು ನನಗೆ ತಿಳಿಸಿಕೊಟ್ಟವರು ಬಲ್ಗೇರಿಯ ದೇಶದ ಪ್ಲೊವ್‌ದಿವ್ ನಗರದ ಒಬ್ಬ ವೃದ್ಧೆ. ಆಕೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ವಿಶ್ರಾಂತಿ ಪಡೆದವರು. ಮೇ ತಿಂಗಳ ಕೊನೆಯ ವಾರದಲ್ಲಿ ನಾನೂ ನನ್ನ ಮನೆಯಾಕೆಯೂ ಅವರ ಮನೆಯ ಮಹಡಿಯಲ್ಲಿ ಮೂರು ದಿನ ಬಿಡಾರ ಮಾಡಿದ್ದೆವು.

ರಾಜಧಾನಿ ಸೋಫಿಯದಿಂದ ಪ್ಲೊವ್‌ದಿವ್‌ಗೆ ಸುಮಾರು 145 ಕಿಲೋಮೀಟರು. ಬಸ್ಸಿನಲ್ಲಿ ಎರಡು ಗಂಟೆಯ ದಾರಿ. ಬಂದಿಳಿದ ಕೂಡಲೇ ನಾನು ನನ್ನ ಪಟ್ಟಿಯನ್ನು ಆಕೆಯ ಮುಂದಿಟ್ಟೆ. ಇಪ್ಪತ್ತಮೂರು ಸ್ಥಳಗಳು, ಒಂದೂವರೆ ದಿನ. ಆಕೆ ಕನ್ನಡಕವೇರಿಸಿ ಅದನ್ನು ಆದ್ಯಂತವಾಗಿ ಓದಿದರು. ನಾಲ್ಕಾಗಿ ಮಡಚಿ ಸಕ್ಕರೆಯ ಡಬ್ಬಿಯ ಕೆಳಗಿಟ್ಟರು. "ನಮ್ಮ ಊರಿನಲ್ಲಿ ಒಂದು ಮಾತಿದೆ: ಆಯ್ಲ್ಯಾಕ್. ಅದನ್ನು ಕಲಿಯದೆ ಇಲ್ಲಿಂದ ಹೋದವರು ಏನನ್ನೂ ನೋಡಿದಂತಲ್ಲ" ಎಂದರು. ತುರ್ಕಿ ಭಾಷೆಯಿಂದ ಬಂದ ಪದ. ಕೆಲಸವಿಲ್ಲದಿರುವಿಕೆ ಎಂಬುದು ಮೂಲಾರ್ಥವಾದರೂ, ಈ ಊರಿನವರ ಬಾಯಲ್ಲಿ ಅದಕ್ಕೆ ನಮ್ಮ 'ಪುರುಸೊತ್ತು' ಎಂಬ ಮಾತಿನ ಸುಖವೆಲ್ಲ ಬಂದಿದೆ.

ಅಂದಿನ ಉಪಾಹಾರದ ಹೊತ್ತಿಗೆ ಇನ್ನೊಂದು ಪಾಠವಾಯಿತು. ತೆಳುವಾದ ಹಿಟ್ಟಿನ ಪದರಗಳ ನಡುವೆ ಬಿಳಿಯ ಗಿಣ್ಣು ತುಂಬಿ ಬೇಯಿಸಿದ 'ಬಾನಿತ್ಸ' ಎಂಬ ತಿಂಡಿಯನ್ನು ಆಕೆ ಬಡಿಸಿದರು. ಇನ್ನೊಂದು ಹಾಕಲೆ ಎಂದು ಕೇಳಿದಾಗ ನನ್ನ ಮನೆಯಾಕೆ, ಸಾಕೆಂದು, ತಲೆಯನ್ನು ಅತ್ತಿತ್ತ ಆಡಿಸಿದಳು. ಕೂಡಲೇ ಇನ್ನೊಂದು ತುಂಡು ತಟ್ಟೆಗೆ ಬಿತ್ತು. ಗಾಬರಿಯಿಂದ ಇನ್ನೂ ಜೋರಾಗಿ ತಲೆಯಾಡಿಸಿದಳು. ಮತ್ತೂ ಒಂದು ಬಿತ್ತು. ಬಲ್ಗೇರಿಯದಲ್ಲಿ ತಲೆಯನ್ನು ಅಡ್ಡಡ್ಡ ಆಡಿಸಿದರೆ 'ಹೌದು', ಮೇಲಕ್ಕೆತ್ತಿದರೆ 'ಇಲ್ಲ'. ಸಂಗತಿ ತಿಳಿದ ಮೇಲೆ ನಾವು ಮೂವರೂ ನಕ್ಕೆವು. ಇದರಲ್ಲಿ ನಮಗೊಂದು ಅನುಕೂಲವೂ ಉಂಟು. ಒಪ್ಪಿಗೆಯೆಂದು ತಲೆದೂಗುವ ನಮ್ಮ ಕಡೆಯ ಆ ಪದ್ಧತಿಯನ್ನು ಯುರೋಪಿನ ಇತರ ಕಡೆ ಹೆಚ್ಚಿನವರು ಅರಿಯರು. ಇಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ಆದರೂ ಪ್ರವಾಸಿಗರು 'ದಾ' ಎಂದರೆ ಹೌದು, 'ನೆ' ಎಂದರೆ ಇಲ್ಲ ಎಂಬೆರಡು ಮಾತುಗಳನ್ನು ಬಾಯಿಪಾಠ ಮಾಡಿಟ್ಟುಕೊಳ್ಳುವುದು ಕ್ಷೇಮ. ಅಲ್ಲಿಯವರು ವಿದೇಶೀಯರನ್ನು ಕಂಡು ತಮ್ಮ ಪದ್ಧತಿಯನ್ನು ಬದಲಾಯಿಸಿಬಿಡುವುದೂ ಉಂಟು. ಆಗ ಗೊಂದಲ ಇಮ್ಮಡಿಯಾಗುತ್ತದೆ.

ಸಂಜೆ ಬಿಸಿಲು ತಗ್ಗಿದ ಮೇಲೆ ಆಕೆ ನಮ್ಮನ್ನು ನೆಬೆತ್ ಗುಡ್ಡಕ್ಕೆ ಕರೆದೊಯ್ದರು. ಊರು ಹುಟ್ಟಿದ್ದೇ ಅಲ್ಲಿ. ಥ್ರೇಸಿಯನ್ನರ ಕಾಲದ ಗೋಡೆಗಳ ಅವಶೇಷಗಳು ಬಂಡೆಗಳ ನಡುವೆ ಇಂದಿಗೂ ಇವೆ. ಕ್ರಿ.ಪೂ. 342ರಲ್ಲಿ ಮ್ಯಾಸಿಡೋನಿಯದ ಎರಡನೆಯ ಫಿಲಿಪ್, ಎಂದರೆ ಅಲೆಗ್ಸಾಂಡರನ ತಂದೆ, ಈ ಊರನ್ನು ಗೆದ್ದು ಫಿಲಿಪ್ಪೊಪೊಲಿಸ್ ಎಂದು ಹೆಸರಿಟ್ಟನು. ರೋಮನರು ಮೂರು ಗುಡ್ಡಗಳ ಊರೆಂಬ ಅರ್ಥದಲ್ಲಿ ತ್ರಿಮೋಂತಿಯಮ್ ಎಂದರು. ತುರ್ಕರು ಫಿಲಿಬೆ ಎಂದರು. ಇಷ್ಟು ಹೆಸರುಗಳನ್ನು ಹೊತ್ತರೂ ಊರು ಒಂದೇ ಕಡೆ ಸಾವಿರಾರು ವರ್ಷ ಬಾಳಿಕೊಂಡು ಬಂದಿದೆ. ಉತ್ತರಕ್ಕೆ ಮಾರಿತ್ಸ ನದಿ, ದಕ್ಷಿಣಕ್ಕೆ ನೀಲಿಯಾಗಿ ರೊಡೊಪಿ ಪರ್ವತಗಳು. ಯುವಕ ಯುವತಿಯರು ಗುಂಪುಗುಂಪಾಗಿ ಬಂಡೆಗಳ ಮೇಲೆ ಕುಳಿತು ಸೂರ್ಯಾಸ್ತವನ್ನು ಕಾಯುತ್ತಿದ್ದರು.

"ಇದು ಏಳು ಗುಡ್ಡಗಳ ಊರು. ಎಣಿಸಿ ನೋಡಿ" ಎಂದರು ನಮ್ಮ ಮನೆಯೊಡತಿ.

ನಾವು ಎಣಿಸಿದೆವು. ಕಾಲಡಿಯಲ್ಲಿದ್ದ ನೆಬೆತ್, ಅದಕ್ಕೆ ಹೊಂದಿಕೊಂಡಿರುವ ಜಾಂಬಾಜ್ ಮತ್ತು ತಕ್ಸಿಮ್ ಗುಡ್ಡಗಳು: ಈ ಮೂರರ ಮೇಲೆಯೇ ಹಳೆಯ ಪಟ್ಟಣವಿರುವುದು. ಆಚೆ ಗಡಿಯಾರದ ಗೋಪುರವನ್ನು ಹೊತ್ತ ಸಾಹಾತ್ ಗುಡ್ಡ. ಅದರಾಚೆ ಬುನಾರ್ಜಿಕ್, ಅದರ ನೆತ್ತಿಯ ಮೇಲೆ 1957ರಲ್ಲಿ ನಿಲ್ಲಿಸಿದ ಸೋವಿಯತ್ ಸೈನಿಕನ ಬೃಹತ್ ಪ್ರತಿಮೆ. ಊರಿನವರು ಅವನನ್ನು ಮನೆಯ ಹುಡುಗನಂತೆ ಅಲ್ಯೋಷ ಎಂದು ಕರೆಯುತ್ತಾರೆ. 1990ರ ದಶಕದಲ್ಲಿ ಅವನನ್ನು ಕೆಡವಬೇಕೆಂದು ಜಗಳವೆದ್ದು ನ್ಯಾಯಾಲಯದವರೆಗೂ ಹೋಯಿತು, ಅವನು ಉಳಿದುಕೊಂಡನು. ಎಲ್ಲಕ್ಕಿಂತ ದೂರದಲ್ಲಿ, ಎಲ್ಲಕ್ಕಿಂತ ಎತ್ತರವಾಗಿ ಜೆಂದೆಮ್ ಗುಡ್ಡ. ಎಷ್ಟು ಎಣಿಸಿದರೂ ಆರೇ ಆದವು.

"ಏಳನೆಯದೆಲ್ಲಿ?" ಎಂದು ಕೇಳಿದೆ.

"ನಾಳೆ ತೋರಿಸುತ್ತೇನೆ" ಎಂದು ಆಕೆ ಕೆಳಗಿಳಿಯತೊಡಗಿದರು.

ಮರುದಿನ ಬೆಳಗ್ಗೆ ಬಿಸಿಲೇರುವ ಮುಂಚೆಯೇ ಹಳೆಯ ಪಟ್ಟಣಕ್ಕೆ ಹೋದೆವು. ಅಲ್ಲಿಯ ಓಣಿಗಳಿಗೆ ಹಾಸಿರುವುದು ಉರುಟಾದ ದೊಡ್ಡ ಕಲ್ಲುಗಳು. ಎತ್ತರದ ಹಿಮ್ಮಡಿಯ ಪಾದರಕ್ಷೆಯನ್ನು ಮೆಟ್ಟಿ ಹೋದ ಮಹಿಳೆಯರು ಅದನ್ನು ಕೈಯಲ್ಲಿ ಹಿಡಿದು ಹಿಂದಿರುಗುವುದು ಅಲ್ಲಿಯ ನಿತ್ಯದೃಶ್ಯ. ಹತ್ತೊಂಬತ್ತನೆಯ ಶತಮಾನದಲ್ಲಿ ಶ್ರೀಮಂತ ವರ್ತಕರು ಕಟ್ಟಿಸಿದ ಮನೆಗಳು ಓಣಿಯ ಇಕ್ಕೆಲದಲ್ಲಿಯೂ ಬಣ್ಣಬಣ್ಣವಾಗಿ ನಿಂತಿವೆ. ಮೇಲಿನ ಅಂತಸ್ತುಗಳು ಮುಂದಕ್ಕೆ ಚಾಚಿಕೊಂಡು, ಎದುರುಬದುರಿನ ಕಿಟಕಿಗಳು ಒಂದರ ಗುಟ್ಟನ್ನು ಇನ್ನೊಂದು ಕೇಳುವಂತಿವೆ. 1847ರಲ್ಲಿ ಕಟ್ಟಿದ ಕುಯುಮ್‌ಜಿಯೋಗ್ಲು ಮನೆಯಲ್ಲಿ ಈಗ ಜನಜೀವನದ ವಸ್ತುಸಂಗ್ರಹಾಲಯವಿದೆ.

ನಮ್ಮ ದೇಶದವರು ತಪ್ಪದೆ ನೋಡಬೇಕಾದುದು ಹಿಂದ್ಲಿಯಾನ್ ಮನೆ. 1835-40ರ ನಡುವೆ ಒಬ್ಬ ಆರ್ಮೇನಿಯನ್ ವರ್ತಕನು ಕಟ್ಟಿಸಿದ್ದು. ಅವನ ಮನೆತನದವರು ಹಿಂದೂಸ್ಥಾನದೊಡನೆ ವ್ಯಾಪಾರ ಮಾಡುತ್ತಿದ್ದುದರಿಂದಲೇ ಆ ಹೆಸರು ಬಂದಿತೆಂದು ಹೇಳುತ್ತಾರೆ. ಗೋಡೆಗಳ ಮೇಲೆ ದೂರದೂರದ ನಗರಗಳ ಚಿತ್ರಗಳು. ಅತಿಥಿಗಳಿಗೆಂದು ಗುಲಾಬಿಯ ನೀರು ಚಿಮ್ಮುತ್ತಿದ್ದ ಒಂದು ಅಮೃತಶಿಲೆಯ ಕಾರಂಜಿ. ಬೇರೊಂದು ಖಂಡದ ಗುಡ್ಡದ ಮೇಲೆ, ಪರಕೀಯರ ಮನೆಯ ಬಾಗಿಲಲ್ಲಿ, ನಮ್ಮ ದೇಶದ ಹೆಸರನ್ನು ಕೇಳಿದಾಗ ನನ್ನ ಮನೆಯಾಕೆಯ ಮುಖ ಅರಳಿತು. ಆ ಬೆಳಗಿನ ಅರ್ಧಭಾಗವನ್ನು ನಾವು ಅಲ್ಲಿಯೇ ಕಳೆದೆವು. ಪಟ್ಟಿ ನೆನಪಿಗೆ ಬರಲಿಲ್ಲ.

ಜಾಂಬಾಜ್ ಮತ್ತು ತಕ್ಸಿಮ್ ಗುಡ್ಡಗಳ ನಡುವಿನ ತಗ್ಗಿನಲ್ಲಿದೆ ರೋಮನರ ರಂಗಮಂದಿರ. ಶತಮಾನಗಳ ಕಾಲ ಮಣ್ಣಿನಡಿ ಮಲಗಿದ್ದು, 1970ರ ದಶಕದಲ್ಲಿ ಅಗೆತದಿಂದ ಹೊರಬಂದಿತು. 1981ರಿಂದ ಅಲ್ಲಿ ಪ್ರದರ್ಶನಗಳು ನಡೆಯುತ್ತಿವೆ. ಅಮೃತಶಿಲೆಯ ಆಸನಗಳ ಮೇಲೆ ಯಾವ ಯಾವ ವಿಭಾಗದ ನಾಗರಿಕರು ಎಲ್ಲೆಲ್ಲಿ ಕೂರಬೇಕೆಂಬುದನ್ನು ಕೆತ್ತಿದ್ದಾರೆ. ಸ್ಥಳ ಕಾದಿರಿಸುವ ಜಗಳ ಇಂದಿನದಲ್ಲವೆಂದಾಯಿತು. ಬೇಸಿಗೆಯ ರಾತ್ರಿಗಳಲ್ಲಿ ಸಂಗೀತನಾಟಕಗಳಾಗುತ್ತವೆ. ಹಗಲು ನೋಡುವುದಕ್ಕಿಂತ ಒಂದು ಟಿಕೆಟ್ಟು ಕೊಂಡು ರಾತ್ರಿ ನೋಡುವುದು ಲೇಸೆಂಬುದು ಊರಿನವರ ಅಭಿಪ್ರಾಯ. ಹೋಗುವವರು ಒಂದು ದಿಂಬನ್ನು ಒಯ್ಯಲಿ. ಎರಡು ಸಾವಿರ ವರ್ಷವಾದರೂ ಕಲ್ಲು ಮೆತ್ತಗಾಗಿಲ್ಲ.

ಗುಡ್ಡವಿಳಿದು ಜುಮಾಯ ಚೌಕಕ್ಕೆ ಬಂದರೆ ಊರಿನ ಚರಿತ್ರೆಯೆಲ್ಲ ಒಂದೇ ನೋಟಕ್ಕೆ ಸಿಗುತ್ತದೆ. ಒಂದು ಮಗ್ಗುಲಲ್ಲಿ ಒಂಬತ್ತು ಗುಮ್ಮಟಗಳ ಹಳೆಯ ಮಸೀದಿ. ಅದರ ಎದುರಿಗೆ ನೆಲ ಬಾಯ್ತೆರೆದು, ಕೆಳಗೆ ರೋಮನರ ಕ್ರೀಡಾಂಗಣದ ಬಾಗಿದ ತುದಿ ಕಾಣುತ್ತದೆ. ಸುಮಾರು 240 ಮೀಟರು ಉದ್ದದ, ಮೂವತ್ತು ಸಾವಿರ ಜನ ಹಿಡಿಸುತ್ತಿದ್ದ ಆ ಕ್ರೀಡಾಂಗಣದ ಉಳಿದ ಭಾಗವೆಲ್ಲ ಊರಿನ ಮುಖ್ಯ ಬೀದಿಯ ಅಡಿಯಲ್ಲಿಯೇ ಇದೆ. ಮೇಲೆ ಅಂಗಡಿಗಳಲ್ಲಿ ಜನರು ಅಂಗಿ, ಪಾದರಕ್ಷೆಗಳನ್ನು ಕೊಳ್ಳುತ್ತಿರುತ್ತಾರೆ. ಪಕ್ಕದ 'ಕಪಾನ' ಎಂಬ ಮೊಹಲ್ಲ ಹಿಂದೆ ಕುಶಲಕರ್ಮಿಗಳದು. ಬೋನು ಎಂಬುದು ಆ ಹೆಸರಿನ ಅರ್ಥ; ಓಣಿಗಳೊಳಗೆ ಹೊಕ್ಕವನಿಗೆ ಹೊರದಾರಿ ಸಿಗುವುದಿಲ್ಲ. ಇಂದಿಗೂ ಅಕ್ಕಸಾಲಿಗರ ಬೀದಿ, ಕಮ್ಮಾರರ ಬೀದಿ ಎಂಬ ಹೆಸರುಗಳಿವೆ. ಒಳಗಿರುವವರು ಮಾತ್ರ ಚಿತ್ರಕಾರರು, ಕಾಫಿ ಅಂಗಡಿಯವರು. ಇಟಲಿಯ ಮತೇರ ನಗರದೊಡನೆ ಪ್ಲೊವ್‌ದಿವ್ 2019ರಲ್ಲಿ ಯುರೋಪಿನ ಸಾಂಸ್ಕೃತಿಕ ರಾಜಧಾನಿಯಾದಾಗ ಈ ಮೊಹಲ್ಲಕ್ಕೆ ಹೊಸ ಕಳೆ ಬಂದಿತು.

ಮಧ್ಯಾಹ್ನ ಊಟ ಮುಗಿಸಿ ಒಂದು ಹಳೆಯ ಬೀದಿಯಲ್ಲಿ ನಡೆಯುತ್ತಿದ್ದಾಗ ಆಕೆ ಫಕ್ಕನೆ ನಿಂತು ಬೂಟಿನ ತುದಿಯಿಂದ ಹಾಸುಗಲ್ಲನ್ನು ಮೆಲ್ಲಗೆ ತಟ್ಟಿದರು. "ನೆನ್ನೆ ಕೇಳಿದಿರಲ್ಲ, ಏಳನೆಯ ಗುಡ್ಡ? ನೀವು ನಿಂತಿರುವುದು ಅದರ ಮೇಲೆಯೇ."

ಮಾರ್ಕೊವೊ ಎಂದು ಆ ಗುಡ್ಡದ ಹೆಸರು. ಊರಿನ ಬೀದಿಗಳಿಗೆ ಹಾಸಲೆಂದು ಕಳೆದ ಶತಮಾನದಲ್ಲಿ ಅದನ್ನು ಒಡೆದೊಡೆದು ಮುಗಿಸಿಬಿಟ್ಟರು. ಅದಿದ್ದ ಸ್ಥಳದಲ್ಲಿ ಈಗ ದೊಡ್ಡದೊಂದು ವ್ಯಾಪಾರಸಂಕೀರ್ಣ. ಅದಕ್ಕೂ ಅದೇ ಹೆಸರು. "ನನ್ನ ತಾತ ಅಲ್ಲಿ ಕಲ್ಲು ಒಡೆಯುತ್ತಿದ್ದರು" ಎಂದರು ಆಕೆ. "ಆ ಕೂಲಿಯಿಂದಲೇ ನಮ್ಮ ಮನೆಯಾಯಿತು, ನಮ್ಮ ತಂದೆಯ ಓದಾಯಿತು. ಮಕ್ಕಳು ಶಾಲೆಯಲ್ಲಿ 'ಏಳನೆಯ ಗುಡ್ಡವನ್ನು ಯಾರು ತಿಂದರು?' ಎಂದು ಕೇಳುತ್ತಿದ್ದರು. ಬೇರೆ ಯಾರೋ ಎಂದು ಹೇಳುವುದು ಸುಲಭವಾಗಿತ್ತು. ನಾನು ಹೇಳುತ್ತಿರಲಿಲ್ಲ."

ನಾನು ಏನನ್ನೂ ಹೇಳಲಾರದೆ ಕೆಳಗೆ ನೋಡಿದೆ. ಸವೆದು ನುಣುಪಾದ ಬೂದುಬಣ್ಣದ ಕಲ್ಲುಗಳು. ಆಮೇಲೆ ಆ ಊರಿನಲ್ಲಿ ನಡೆಯುವಾಗಲೆಲ್ಲ ಕಾಲು ತಾನಾಗಿಯೇ ಹಗುರವಾಗಿ ಬೀಳುತ್ತಿತ್ತು.

ಮೂರನೆಯ ದಿನ ಆಕೆ ನನ್ನ ಪಟ್ಟಿಯಲ್ಲಿಲ್ಲದ ಒಂದು ಸ್ಥಳಕ್ಕೆ ಕರೆದೊಯ್ದರು. ಅದು ಊರಿನ ಯೆಹೂದ್ಯರು 1998ರಲ್ಲಿ ಕೃತಜ್ಞತೆಯಿಂದ ನಿಲ್ಲಿಸಿದ ಒಂದು ಸ್ಮಾರಕ. 1943ರ ಮಾರ್ಚ್ 10ರ ಮುಂಜಾನೆ, ಬಲ್ಗೇರಿಯ ಜರ್ಮನಿಯ ಪಕ್ಷದಲ್ಲಿದ್ದ ಕಾಲ, ಸುಮಾರು ಒಂದೂವರೆ ಸಾವಿರ ಯೆಹೂದ್ಯರನ್ನು ಗಡೀಪಾರು ಮಾಡಲೆಂದು ಪೋಲೀಸರು ಮನೆಗಳಿಂದ ಎಬ್ಬಿಸಿ ಒಂದು ಶಾಲೆಯ ಅಂಗಳಕ್ಕೆ ತಂದರು. ಪ್ಲೊವ್‌ದಿವ್‌ನ ಧರ್ಮಾಧ್ಯಕ್ಷರಾಗಿದ್ದ ಕಿರಿಲ್ ಎಂಬವರು ರಾಜನಿಗೆ ತಂತಿ ಕಳುಹಿಸಿ, ಸ್ವತಃ ಆ ಶಾಲೆಗೆ ಹೋದರು. ಒಳಗೆ ಬಿಡದಿದ್ದಾಗ ಬೇಲಿ ಹತ್ತಿ ಇಳಿದರೆಂದೂ, ನೀವು ಹೋದಲ್ಲಿಗೆ ನಾನೂ ಬರುತ್ತೇನೆ ಎಂದರೆಂದೂ ಊರಿನವರು ಹೇಳುತ್ತಾರೆ. ಆ ದಿನವೇ ಆಜ್ಞೆ ಹಿಂದಕ್ಕೆ ಹೋಯಿತು. ಎಲ್ಲರೂ ಮನೆಗೆ ಮರಳಿದರು.

"ನನ್ನ ತಾಯಿಗಾಗ ಹನ್ನೆರಡು ವರ್ಷ" ಎಂದರು ನಮ್ಮ ಮನೆಯೊಡತಿ. "ಪಕ್ಕದ ಮನೆಯ ಗೆಳತಿಯನ್ನು ಬೆಳಗಿನ ಜಾವ ಕರೆದೊಯ್ದರು, ಕತ್ತಲಾಗುವ ಮುಂಚೆ ಬಂದುಬಿಟ್ಟಳಂತೆ. ಈ ಕಥೆಯನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ, ಹೇಳಬೇಕು. ಆದರೆ ಅದೇ ತಿಂಗಳು ನಮ್ಮ ಸೈನ್ಯ ಆಕ್ರಮಿಸಿದ್ದ ಥ್ರೇಸ್, ಮ್ಯಾಸಿಡೋನಿಯ ಪ್ರದೇಶಗಳಿಂದ ಹನ್ನೊಂದು ಸಾವಿರಕ್ಕೂ ಹೆಚ್ಚು ಯೆಹೂದ್ಯರನ್ನು ನಮ್ಮವರೇ ರೈಲಿಗೆ ಹತ್ತಿಸಿದರು. ಅವರು ಮರಳಲಿಲ್ಲ. ಅದನ್ನೂ ಕೂಡಿಸಿ ಹೇಳದಿದ್ದರೆ ಎಣಿಕೆ ತಪ್ಪುತ್ತದೆ."

ಆರನ್ನು ಏಳೆಂದು ಎಣಿಸುವ ಊರಿನಲ್ಲಿ ಇಷ್ಟು ಕಟ್ಟುನಿಟ್ಟಾಗಿ ಲೆಕ್ಕವಿಡುವವರನ್ನು ಕಂಡು ನನಗೆ ಗೌರವ ಹುಟ್ಟಿತು. ಕಿರಿಲ್ ಮುಂದೆ 1953ರಲ್ಲಿ ಬಲ್ಗೇರಿಯದ ಮಹಾಧರ್ಮಾಧ್ಯಕ್ಷರಾದರು. ಅವರ ಸಮಾಧಿ ಊರಿಗೆ ಸುಮಾರು 30 ಕಿಲೋಮೀಟರು ದೂರದ, 1083ರಲ್ಲಿ ಸ್ಥಾಪಿತವಾದ ಬಾಚ್ಕೊವೊ ಮಠದಲ್ಲಿದೆ. ಪರ್ವತದ ಮಡಿಲಿನ ಆ ಮಠಕ್ಕೆ ಅರ್ಧ ದಿನ ಮೀಸಲಿಟ್ಟರೆ ನಷ್ಟವಿಲ್ಲ.

ಹೋಗಬೇಕೆನ್ನುವವರಿಗೆ ನಾಲ್ಕು ಮಾತುಗಳು. ಮೇ, ಜೂನ್, ಸೆಪ್ಟೆಂಬರ್ ತಿಂಗಳುಗಳು ಹಿತಕರ. ಜುಲೈ, ಆಗಸ್ಟ್‌ಗಳಲ್ಲಿ ಬಿಸಿಲು ಕಡು. ಮೇ ನಡುವಿನಿಂದ ಜೂನ್ ನಡುವಿನವರೆಗೆ ಕಜಾನ್‌ಲಿಕ್ ಕಣಿವೆಯಲ್ಲಿ ಗುಲಾಬಿಯ ಕೊಯ್ಲು. ಒಂದು ಕಿಲೋ ಅತ್ತರಿನೆಣ್ಣೆಗೆ ಮೂರು ಸಾವಿರ ಕಿಲೋಗೂ ಹೆಚ್ಚು ದಳಗಳು ಬೇಕೆಂದು ತಿಳಿದ ಮೇಲೆ ಅದರ ಬೆಲೆಯನ್ನು ಕೇಳಿ ಯಾರೂ ಬೆರಗಾಗರು. ಹಳೆಯ ಪುಸ್ತಕಗಳು ಹೇಳುವ ಲೆವ್ ನಾಣ್ಯ ಈಗಿಲ್ಲ. 2026ರ ಜನವರಿ 1ರಿಂದ ಯೂರೋ ಬಂದಿದೆ. 2025ರಿಂದ ಬಲ್ಗೇರಿಯ ಪೂರ್ಣವಾಗಿ ಷೆಂಗೆನ್ ವಲಯಕ್ಕೆ ಸೇರಿರುವುದರಿಂದ ಆ ವೀಸಾ ಸಾಕು. ಬೀದಿಯ ಫಲಕಗಳಿರುವುದು ಸಿರಿಲ್ಲಿಕ್ ಲಿಪಿಯಲ್ಲಿ. ಇಂಗ್ಲಿಷಿನ 'ಪಿ'ಯಂತೆ ಕಾಣುವುದು ಅಲ್ಲಿ 'ರ', 'ಸಿ'ಯಂತೆ ಕಾಣುವುದು 'ಸ'. ಒಂದು ಸಂಜೆ ಕುಳಿತರೆ ಕಲಿಯಬಹುದು.

ಶಾಕಾಹಾರಿಗಳು 'ಪೋಸ್ತ್ನೊ' ಎಂಬ ಮಾತನ್ನು ನೆನಪಿಡಲಿ. ಅಲ್ಲಿಯವರು ತಮ್ಮ ವ್ರತದ ದಿನಗಳಲ್ಲಿ ತಿನ್ನುವ, ಮಾಂಸ, ಮೊಟ್ಟೆ, ಹಾಲುಗಳಿಲ್ಲದ ಅಡುಗೆಗೆ ಆ ಹೆಸರು. ಬಾನಿತ್ಸದಲ್ಲಿ ಮೊಟ್ಟೆಯಿರುತ್ತದೆ; ಮೊದಲೇ ಕೇಳುವುದು ಒಳ್ಳೆಯದು. ಮೊಸರಿಗೆ ಮಾತ್ರ ಏನೂ ಕೊರತೆಯಿಲ್ಲ. ಮೊಸರನ್ನು ಹೆಪ್ಪುಗಟ್ಟಿಸುವ ಜೀವಾಣುವನ್ನು 1905ರಲ್ಲಿ ಗುರುತಿಸಿದವನು ಸ್ತಾಮೆನ್ ಗ್ರಿಗೊರೊವ್ ಎಂಬ ಬಲ್ಗೇರಿಯನ್ ವಿದ್ಯಾರ್ಥಿಯೇ. ಮೊಸರಿಗೆ ಸೌತೆಕಾಯಿ, ಬೆಳ್ಳುಳ್ಳಿ, ಸಬ್ಬಸಿಗೆ, ಅಕ್ರೋಟು ಹಾಕಿ ತಣ್ಣಗೆ ಮಾಡಿದ 'ತರತೋರ್' ಎಂಬುದನ್ನು ಬಟ್ಟಲಲ್ಲಿ ಕೊಟ್ಟಾಗ, "ಇದು ನಮ್ಮ ಮೊಸರುಬಜ್ಜಿಯ ದಾಯಾದಿ" ಎಂದಳು ನನ್ನ ಮನೆಯಾಕೆ. ಎರಡು ಬಟ್ಟಲು ಕುಡಿದಳು.

ಹೊರಡುವ ಬೆಳಗ್ಗೆ ಆಕೆ ಸಕ್ಕರೆ ಡಬ್ಬಿಯ ಕೆಳಗಿನಿಂದ ನನ್ನ ಪಟ್ಟಿಯನ್ನು ತೆಗೆದು ಕೈಗಿತ್ತರು. ಇಪ್ಪತ್ತಮೂರರಲ್ಲಿ ನೋಡಿದ್ದು ಒಂಬತ್ತು. "ಉಳಿದವುಗಳಿಗಾಗಿ ಮತ್ತೆ ಬರುವಿರಾ?" ಎಂದು ಕೇಳಿದರು.

ನಾವಿಬ್ಬರೂ ಒಟ್ಟಿಗೆ ತಲೆಯನ್ನು ಅಡ್ಡಡ್ಡ ಆಡಿಸಿದೆವು. ಆಕೆಗೆ ಅರ್ಥವಾಯಿತು.